ಕಿವಿಯ ಮಿಷನ್ ಬದಲಾಯಿಸುವ ಮುನ್ನ: ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ಶ್ರವಣ ಸಾಧನ ಕೊಂಡು ನಾಲ್ಕೈದು ವರ್ಷ ಕಳೆಯಿತೆಂದರೆ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ‘ಮೊದಲಿನಂತೆ ಕೇಳಿಸುತ್ತಿಲ್ಲ’ ಎಂದು ಹಾಕಿಕೊಂಡವರು ಹೇಳುತ್ತಾರೆ. ಟಿವಿಯ ಸದ್ದು ಏರುತ್ತದೆ. ಅಂಗಡಿಗೆ ಹೋದರೆ ‘ಈ ಮಾಡೆಲ್ ಹಳತಾಯಿತು, ಹೊಸದು ಬಂದಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೊಳ್ಳಲು ಹೊರಟರೆ ಜೋಡಿಗೆ ಲಕ್ಷ ದಾಟುವುದು ಅಪರೂಪವೇನಲ್ಲ. ಕೊಳ್ಳದೆ ಕುಳಿತರೆ ಹಿರಿಯರು ಮೆಲ್ಲಮೆಲ್ಲನೆ ಮನೆಯ ಮಾತುಕತೆಯಿಂದಲೇ ಹಿಂದೆ ಸರಿಯುತ್ತಾರೆ. ಹಣ ಹೋಗುವುದಕ್ಕಿಂತ ಇದು ದೊಡ್ಡ ನಷ್ಟ.

ನಾನು ಎರಡೂ ಕಿವಿಗೆ ಸಾಧನ ಹಾಕಿಕೊಳ್ಳುವವಳು. ಮುಲುಂಡ್, ಡೊಂಬಿವಲಿ, ಘಾಟ್ಕೋಪರ್ ಕಡೆಯ ನಮ್ಮ ಹಿರಿಯರು ಕಿವಿ ಪರೀಕ್ಷೆಗೆ ಹೋಗುವಾಗ ಭಾಷೆಯ ನೆರವಿಗೆಂದು ಜೊತೆಗೂ ಹೋಗುತ್ತೇನೆ. ಇದನ್ನೆಲ್ಲ ನೋಡುತ್ತ ಬಂದ ಮೇಲೆ ಒಂದು ವಿಷಯ ನನಗೆ ಖಚಿತವಾಗಿದೆ. ಸಾಧನಕ್ಕೆ ಎಷ್ಟು ವರ್ಷವಾಯಿತು ಎಂದು ನೋಡಿ ನಿರ್ಧರಿಸಬಾರದು. ಅದನ್ನು ಹಾಕಿಕೊಂಡಾಗ ನಿಮಗೆ ನಿಮ್ಮ ಭಾಷೆಯಲ್ಲಿ ಆಡಿದ ಮಾತು ಎಷ್ಟು ತಿಳಿಯುತ್ತಿದೆ ಎಂದು ಅಳೆದು ನಿರ್ಧರಿಸಬೇಕು. ಆ ಅಳತೆಗೆ ತಲುಪುವ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಎಷ್ಟೋ ಮಂದಿಗೆ ಮೊದಲ ಎರಡು ಹೆಜ್ಜೆಯಲ್ಲೇ ಪರಿಹಾರ ಸಿಕ್ಕಿಬಿಡುತ್ತದೆ.

ಮೊದಲು ಕಿವಿಯನ್ನು ತೋರಿಸಿ

ಅಂಗಡಿಗಿಂತ ಮುಂಚೆ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿ ಹೋಗಿ. ಸಾಧನ ಹಾಕುವವರಲ್ಲಿ ಕಿವಿಯ ಗುಗ್ಗೆ ಸಹಜವಾಗಿ ಹೊರಬರಲು ಆಗದೆ ಒಳಗೇ ಗಟ್ಟಿಯಾಗುವುದು ಹೆಚ್ಚು. ಅದನ್ನು ತೆಗೆಸಿದ ಕೂಡಲೇ ‘ಹಾಳಾದ’ ಮಿಷನ್ ಸರಿಯಾಗಿ ಕೇಳಿಸತೊಡಗಿದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮುಂಬಯಿಯ ಮಳೆಗಾಲದಲ್ಲಿ ಇನ್ನೊಂದು ಕಾಟವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವೆಯ ತೇವಕ್ಕೆ ಕಿವಿಯ ನಾಳದಲ್ಲಿ ಬೂಷ್ಟಿನ ಸೋಂಕು ಹತ್ತುತ್ತದೆ. ತುರಿಕೆ, ಕಿವಿ ಕಟ್ಟಿದ ಅನುಭವ, ಸಣ್ಣ ನೋವು ಇದ್ದರೆ ಅದೇ ಇರಬಹುದು. ಇದಕ್ಕೆ ಬೇಕಾಗುವುದು ಔಷಧ.

ನಮ್ಮಲ್ಲಿ ಕಿವಿಗೆ ಬಿಸಿ ಎಣ್ಣೆ ಬಿಡುವ ಅಭ್ಯಾಸ ಇನ್ನೂ ಇದೆ. ಸಾಧನ ಹಾಕುವವರು ಇದನ್ನು ಪೂರ್ತಿ ನಿಲ್ಲಿಸಬೇಕು. ಎಣ್ಣೆಯ ಪಸೆ ಸಾಧನದ ತುದಿಯ ಜಾಲರಿಯನ್ನು ಮುಚ್ಚಿಬಿಡುತ್ತದೆ. ಕಿವಿಯ ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿದು ಸೋಂಕಾಗುತ್ತದೆ. ಹತ್ತಿ ಸುತ್ತಿದ ಕಡ್ಡಿಯೂ ಬೇಡ, ಅದು ಗುಗ್ಗೆಯನ್ನು ಮತ್ತಷ್ಟು ಒಳಕ್ಕೆ ತಳ್ಳುತ್ತದೆ.

ಒಂದು ಎಚ್ಚರಿಕೆಯನ್ನು ದೊಡ್ಡ ದನಿಯಲ್ಲೇ ಹೇಳಬೇಕು. ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ, ಅಥವಾ ಎರಡು ಮೂರು ದಿನಗಳಲ್ಲಿ ಸರ್ರನೆ ಇಳಿದುಹೋದರೆ, ಜೊತೆಗೆ ತಲೆ ಸುತ್ತು ಇರಲಿ ಇಲ್ಲದಿರಲಿ, ಅಂದೇ ವೈದ್ಯರ ಬಳಿ ಓಡಬೇಕು. ಇದು ಹಠಾತ್ ಶ್ರವಣ ನಷ್ಟ. ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು. ಮಿಷನ್ ಕೆಟ್ಟಿರಬೇಕು ಎಂದುಕೊಂಡು ರಿಪೇರಿಗೆ ಕೊಟ್ಟು ವಾರಗಟ್ಟಲೆ ಕಾಯುವಷ್ಟರಲ್ಲಿ ಆ ಅವಕಾಶ ಕೈತಪ್ಪುತ್ತದೆ.

ಮೇಜಿನ ಮೇಲೆ ಬಿಚ್ಚಿ ನೋಡಿ

ಕಿವಿ ಚೆನ್ನಾಗಿದೆ ಎಂದು ವೈದ್ಯರು ಹೇಳಿದರೆ ಸಾಧನದ ಸರದಿ. ಬೆಳಕಿರುವ ಕಡೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕುಳಿತುಕೊಳ್ಳಿ. ಮೆತ್ತನೆಯ ಒಣ ಬ್ರಷ್, ಹೊಸ ಬ್ಯಾಟರಿ, ಹೊಸ ಫಿಲ್ಟರ್ ಹತ್ತಿರವಿರಲಿ. ನೀರು, ಸ್ಪಿರಿಟ್ ಏನೂ ಬೇಡ.

ತೆಳ್ಳನೆಯ ತಂತಿಯ ತುದಿಯಲ್ಲಿ ಸ್ಪೀಕರ್ ಇರುವ ಬಗೆಯ ಸಾಧನವಾದರೆ ಕಿವಿಯೊಳಗೆ ಹೋಗುವ ಮೆತ್ತನೆಯ ರಬ್ಬರ್ ಡೋಮ್ ಅನ್ನು ಕಳಚಿ. ಅದರ ಹಿಂದೆ ಒಂದೆರಡು ಮಿಲಿಮೀಟರ್ ಅಗಲದ ಬಿಳಿ ಜಾಲರಿ ಕಾಣುತ್ತದೆ. ಅದೇ ಗುಗ್ಗೆ ತಡೆಯುವ ಫಿಲ್ಟರ್. ಅದು ಹಳದಿ ಬಣ್ಣಕ್ಕೆ ತಿರುಗಿ ಮುಚ್ಚಿಹೋಗಿದ್ದರೆ ಎಷ್ಟೇ ದುಬಾರಿ ಸಾಧನವಾದರೂ ಪಿಸುಗುಟ್ಟುತ್ತದೆ. ಫಿಲ್ಟರಿನ ಪೊಟ್ಟಣದಲ್ಲಿ ಸಣ್ಣ ಕಡ್ಡಿಗಳಿರುತ್ತವೆ. ಕಡ್ಡಿಯ ಒಂದು ತುದಿಯನ್ನು ಹಳೆಯ ಫಿಲ್ಟರಿಗೆ ಚುಚ್ಚಿ ನೇರವಾಗಿ ಎಳೆಯಬೇಕು. ಕಡ್ಡಿಯನ್ನು ತಿರುಗಿಸಿ ಇನ್ನೊಂದು ತುದಿಯ ಹೊಸ ಫಿಲ್ಟರನ್ನು ಅದೇ ಜಾಗಕ್ಕೆ ಒತ್ತಬೇಕು. ಕೈ ನಡುಗುವ ಹಿರಿಯರಿಗೆ ಇದು ಕಷ್ಟ. ಮನೆಯಲ್ಲಿ ಒಬ್ಬರು ಕಲಿತುಕೊಂಡು ತಿಂಗಳಿಗೊಮ್ಮೆ ಮಾಡಿಕೊಡಲಿ. ಡೋಮ್ ಕೂಡ ಒಂದೆರಡು ತಿಂಗಳಿಗೆ ಗಡುಸಾಗಿ ಸಡಿಲವಾಗುತ್ತದೆ. ಹೊಸದಕ್ಕೆ ಹೆಚ್ಚು ಖರ್ಚಿಲ್ಲ.

ಕಿವಿಯ ಹಿಂದೆ ಕೂರಿಸಿ, ಪಾರದರ್ಶಕ ಕೊಳವೆಯ ಮೂಲಕ ಕಿವಿಯ ಅಳತೆಗೆ ಮಾಡಿಸಿದ ಅಚ್ಚಿಗೆ ಜೋಡಿಸುವ ಬಗೆಯಾದರೆ ಆ ಕೊಳವೆಯನ್ನು ಬಗ್ಗಿಸಿ ನೋಡಿ. ಮೂರರಿಂದ ಆರು ತಿಂಗಳಲ್ಲಿ ಅದು ಹಳದಿಯಾಗಿ ಬಿರುಸಾಗುತ್ತದೆ, ಬಾಗುವ ಕಡೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಕುಂಯ್ ಎಂಬ ಶಿಳ್ಳೆಗೆ ಹಲವು ಸಲ ಈ ಬಿರುಕೇ ಕಾರಣ. ಮಳೆಗಾಲದಲ್ಲಿ ಕೊಳವೆಯೊಳಗೆ ನೀರಿನ ಹನಿ ನಿಂತಿದ್ದರೂ ಸದ್ದು ಕಡಿದುಹೋಗುತ್ತದೆ. ತೂಕ ಇಳಿದವರಲ್ಲಿ, ವಯಸ್ಸಾದವರಲ್ಲಿ ಕಿವಿಯ ಆಕಾರವೇ ಸ್ವಲ್ಪ ಬದಲಾಗಿ ಹಳೆಯ ಅಚ್ಚು ಸಡಿಲವಾಗುತ್ತದೆ. ಆಗ ಹೊಸ ಅಚ್ಚು ತೆಗೆಸಿದರೆ ಸಾಕು, ಯಂತ್ರ ಹಾಗೆಯೇ ಇರಬಹುದು.

ಬ್ಯಾಟರಿಯ ಕತೆ ಬೇರೆ. ಬಿಸಾಡುವ ಗುಂಡಿ ಬ್ಯಾಟರಿಗಳೆಲ್ಲ ಜಿಂಕ್-ಏರ್ ಬಗೆಯವು. ಗಾಳಿಯ ಆಮ್ಲಜನಕ ಒಳಹೋದ ಮೇಲೆಯೇ ಅವು ಕೆಲಸ ಮಾಡುತ್ತವೆ. ಸ್ಟಿಕ್ಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಹಾಗೆಯೇ ಇಟ್ಟು ಆಮೇಲೆ ಹಾಕಿದರೆ ಹೆಚ್ಚು ಬಾಳುತ್ತವೆ. ಸ್ಟಿಕ್ಕರ್ ಮತ್ತೆ ಅಂಟಿಸಿದರೂ ಪ್ರಯೋಜನವಿಲ್ಲ. ಹಳದಿ ಗುರುತಿನದು 10ನೇ ನಂಬರ್, ಕಂದು 312, ಕಿತ್ತಳೆ 13, ನೀಲಿ 675. ಚಿಕ್ಕವು ವಾರಕ್ಕೂ ಕಡಿಮೆ ಬಾಳಬಹುದು, ದೊಡ್ಡವು ಎರಡು ವಾರ ದಾಟುತ್ತವೆ. ನಮ್ಮ ಊರಿನ ತೇವದ ಹವೆ ಈ ಬ್ಯಾಟರಿಗಳಿಗೆ ಆಗಿಬರುವುದಿಲ್ಲ. ಆದ್ದರಿಂದ ಜುಲೈ ತಿಂಗಳಲ್ಲಿ ಬ್ಯಾಟರಿ ಬೇಗ ಮುಗಿಯಿತೆಂದು ಯಂತ್ರವನ್ನು ದೂರಬೇಡಿ. ಪ್ಯಾಕೆಟ್ಟಿನ ಮೇಲಿನ ದಿನಾಂಕ ನೋಡಿಯೇ ಕೊಳ್ಳಿ. ಚಾರ್ಜ್ ಮಾಡುವ ಸಾಧನವಾದರೆ, ರಾತ್ರಿಯಿಡೀ ಚಾರ್ಜ್ ಆಗಿಯೂ ಸಂಜೆಯ ಹೊತ್ತಿಗೆ ಆರಿಹೋಗುತ್ತಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಸೋತಿದೆ. ನಾಲ್ಕೈದು ವರ್ಷಕ್ಕೆ ಹೀಗಾಗುವುದು ಸಹಜ. ಅನೇಕ ಮಾಡೆಲ್‌ಗಳಲ್ಲಿ ಬ್ಯಾಟರಿಯೊಂದನ್ನೇ ಕಂಪನಿ ಬದಲಿಸಿಕೊಡುತ್ತದೆ. ಕೇಳದೆ ಹೋದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕೊನೆಗೆ ತೇವ. ಲೋಕಲ್ ರೈಲಿನಲ್ಲಿ ಒಂದು ಗಂಟೆ ನಿಂತು ಬಂದವರ ಕಿವಿಯ ಹಿಂದೆ ಬೆವರು ಹರಿದಿರುತ್ತದೆ. ಮನೆಗೆ ಬಂದೊಡನೆ ಒಣ ಬಟ್ಟೆಯಲ್ಲಿ ಒರೆಸಿ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿಡಿ. ಬ್ಯಾಟರಿಯನ್ನು ಮಾತ್ರ ಹೊರಗಿಡಿ. ಜೆಲ್ ಬಣ್ಣ ಬದಲಾದರೆ ಬೇರೆ ಹಾಕಿ. ಕೂದಲು ಒಣಗಿಸುವ ಯಂತ್ರ, ಬಿಸಿಲು, ಅಕ್ಕಿ ಡಬ್ಬಿ ಯಾವುದೂ ಬೇಡ. ‘ಐಪಿ 68’ (ಧೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ) ಎಂದು ಬರೆದ ಸಾಧನಕ್ಕೂ ಈ ಆರೈಕೆ ಬೇಕು. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಬೆವರಿನ ಉಪ್ಪಿಗೂ ಜುಹೂ ಕಡಲಿನ ಗಾಳಿಗೂ ಅದು ರಕ್ಷೆ ಕೊಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಸಾಧನವನ್ನು ಆನ್ ಮಾಡಿ ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಶಿಳ್ಳೆ ಬಂದರೆ ಜೀವವಿದೆ. ಕೆಲವು ಹೊಸ ಸಾಧನಗಳು ಶಿಳ್ಳೆಯನ್ನು ತಾವೇ ಅಡಗಿಸಿಕೊಳ್ಳುವುದರಿಂದ ಶಿಳ್ಳೆ ಬರಲಿಲ್ಲ ಎಂದ ಮಾತ್ರಕ್ಕೆ ಸತ್ತಿದೆ ಎಂದುಕೊಳ್ಳಬೇಡಿ.

ಪರೀಕ್ಷೆ ಮಾಡಿಸಿ, ಅದೂ ಕನ್ನಡದಲ್ಲಿ

ಈ ಹೆಜ್ಜೆಯ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ.

ಕಿವಿಯ ಪರೀಕ್ಷೆ ಎಂದರೆ ಕೋಣೆಯಲ್ಲಿ ಕೂರಿಸಿ ‘ಟಿಣ್’ ಎಂದಾಗ ಗುಂಡಿ ಒತ್ತಿಸುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಮಾತ್ರ. ಆ ಪರೀಕ್ಷೆಯಿಂದ ಬರುವ ಆಡಿಯೋಗ್ರಾಮ್ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳು ಎಷ್ಟು ಡೆಸಿಬಲ್‌ನಲ್ಲಿ ಕೇಳಿಸುತ್ತವೆ ಎಂದು ತೋರಿಸುತ್ತದೆ. ಇನ್ನರ್ಧ ಮಾತಿನ ಪರೀಕ್ಷೆ. ಪದಗಳನ್ನು ಕೇಳಿಸಿ ‘ಏನು ಕೇಳಿಸಿತೋ ಹಾಗೆಯೇ ಹೇಳಿ’ ಎನ್ನುತ್ತಾರೆ. ನೂರಕ್ಕೆ ಎಷ್ಟು ಸರಿ ಬಂತು ಎಂದು ಲೆಕ್ಕ ಹಾಕುತ್ತಾರೆ. ಸಾಧನ ಬದಲಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಹುಮಟ್ಟಿಗೆ ಈ ಎರಡನೆಯ ಅರ್ಧದಲ್ಲಿ.

ಮುಂಬಯಿಯಲ್ಲಿ ಈ ಪದಗಳು ಸಾಮಾನ್ಯವಾಗಿ ಹಿಂದಿ, ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತವೆ. ಕುಂದಾಪುರದ ಕಡೆಯಿಂದ ಮಗನ ಮನೆಗೆ ಬಂದು ಡೊಂಬಿವಲಿಯಲ್ಲಿ ನೆಲೆಸಿದ ಒಬ್ಬ ಅಮ್ಮನ ಜೊತೆ ಹೋಗಿದ್ದೆ. ಹಿಂದಿ ಪದಗಳ ಪರೀಕ್ಷೆಯಲ್ಲಿ ಅವರಿಗೆ ಬಹಳ ಕಡಿಮೆ ಅಂಕ ಬಂತು. ಹೊರಗೆ ಬಂದು ನನ್ನ ಕೈ ಹಿಡಿದು ಹೇಳಿದರು: ‘ಸದ್ದು ಕೇಳಿಸಿತು ಮಾರಾಯ್ತಿ, ಆ ಶಬ್ದವೇ ನನಗೆ ಗೊತ್ತಿಲ್ಲ, ಏನೆಂದು ಹೇಳಲಿ?’ ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಒಳ್ಳೆಯವರು. ವಿಷಯ ತಿಳಿಸಿದಾಗ ಧ್ವನಿಮುದ್ರಿತ ಕನ್ನಡ ಪದಪಟ್ಟಿಯನ್ನು ಹುಡುಕಿ ತಂದು ಇನ್ನೊಂದು ದಿನ ಪರೀಕ್ಷೆ ಮಾಡಿದರು. ಅಂಕ ಎಷ್ಟೋ ಮೇಲಿತ್ತು. ಅವರ ಹಳೆಯ ಸಾಧನವನ್ನೇ ಮತ್ತೆ ಹೊಂದಿಸಿ ಕೊಟ್ಟರು. ಇವತ್ತಿಗೂ ಅದನ್ನೇ ಹಾಕಿಕೊಂಡು ಊರಿನ ತಂಗಿಯ ಜೊತೆ ಫೋನಿನಲ್ಲಿ ಮಾತನಾಡುತ್ತಾರೆ.

ಆದ್ದರಿಂದ ಸಮಯ ಗೊತ್ತುಮಾಡುವಾಗಲೇ ಕೇಳಿ: ‘ಮಾತಿನ ಪರೀಕ್ಷೆಗೆ ಕನ್ನಡ ಪದಪಟ್ಟಿ ಇದೆಯೇ?’ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳನ್ನು ರೂಪಿಸಿದ್ದಾರೆ. ಅಲ್ಲಿ ಕಲಿತ ಆಡಿಯಾಲಜಿಸ್ಟ್‌ಗಳು ದೇಶದ ಎಲ್ಲೆಡೆ ಇದ್ದಾರೆ. ತುಳು, ಕೊಂಕಣಿ ಮನೆಮಾತಿನವರು ತಮಗೆ ಯಾವ ಭಾಷೆ ಹೆಚ್ಚು ಸಲೀಸೋ ಅದನ್ನು ಹೇಳಬೇಕು. ಪಟ್ಟಿ ಸಿಗದಿದ್ದರೆ, ಕಡಿಮೆ ಅಂಕಕ್ಕೆ ಭಾಷೆಯೂ ಕಾರಣವಿರಬಹುದು ಎಂದು ವರದಿಯಲ್ಲಿ ಬರೆಸಿಕೊಳ್ಳಿ.

ಮನೆಯಲ್ಲಿ ಒಂದು ತಯಾರಿ ಮಾಡಿಕೊಂಡು ಹೋಗಬಹುದು. ಮನೆಯವರೊಬ್ಬರು ಬೆನ್ನ ಹಿಂದೆ ಆರಡಿ ದೂರದಲ್ಲಿ ಕುಳಿತು ಮಾಮೂಲಿ ದನಿಯಲ್ಲಿ ಪದಗಳನ್ನು ಓದಲಿ: ಹಾಲು, ಕಾಲು, ಸಾಲು, ಪಾಲು, ಕಲ್ಲು, ಹಲ್ಲು, ಬಿಲ್ಲು, ತಲೆ, ಕಲೆ, ಬಲೆ, ಮಳೆ, ಬಳೆ, ಕಳೆ. ಹಿರಿಯರು ಕೇಳಿಸಿದ್ದನ್ನು ಹೇಳಲಿ. ‘ಸಾಲು’ ಎಂದಾಗ ‘ಹಾಲು’ ಎಂದರೆ ಹಾಗೆಯೇ ಬರೆದಿಡಿ. ಅಂಕ ಹಾಕುವುದು ಬೇಡ, ತಪ್ಪುಗಳ ಪಟ್ಟಿ ಮಾತ್ರ ಸಾಕು. ವಯಸ್ಸಿನಿಂದ ಬರುವ ಕಿವುಡು ಮೊದಲು ಎತ್ತರದ ಸ್ವರಗಳನ್ನು ಕಸಿಯುತ್ತದೆ. ಸ, ಶ, ಕ, ತ ಮೊದಲಾದ ವ್ಯಂಜನಗಳ ಗುರುತು ಇರುವುದೇ ಅಲ್ಲಿ. ಸ್ವರಾಕ್ಷರಗಳು ತಗ್ಗಿನ ಸ್ವರದಲ್ಲಿರುವುದರಿಂದ ‘ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ’ ಎಂಬ ದೂರು ಬರುತ್ತದೆ. ಹೋಟೆಲ್ ಉದ್ಯಮದಲ್ಲಿ ದಶಕಗಳ ಕಾಲ ಗ್ರೈಂಡರ್ ಮತ್ತು ಎಗ್ಸಾಸ್ಟ್ ಫ್ಯಾನಿನ ನಡುವೆ ದುಡಿದ ನಮ್ಮವರಿಗೆ ಗದ್ದಲದಿಂದ ಬಂದ ನಷ್ಟವೂ ಇರುತ್ತದೆ; ಅದು 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಆಡಿಯೋಗ್ರಾಮಿನ ಗೆರೆಯನ್ನು ಕೆಳಕ್ಕೆ ಎಳೆದಿರುತ್ತದೆ. ಯಾವ ಅಕ್ಷರ ಯಾವುದಾಗಿ ಕೇಳಿಸುತ್ತಿದೆ ಎಂಬ ನಿಮ್ಮ ಪಟ್ಟಿ ಆಡಿಯಾಲಜಿಸ್ಟ್‌ಗೆ ತುಂಬ ಉಪಯೋಗಕ್ಕೆ ಬರುತ್ತದೆ.

ವರದಿ ಓದುವುದು ಹೇಗೆ

ಹಳೆಯ ಆಡಿಯೋಗ್ರಾಮನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿ. ಹಲವು ಸ್ವರಗಳಲ್ಲಿ 10 ಡೆಸಿಬಲ್ ಅಥವಾ ಹೆಚ್ಚು ಇಳಿದಿದ್ದರೆ ಕಿವಿ ಬದಲಾಗಿದೆ, ಯಂತ್ರ ಹಳೆಯ ಲೆಕ್ಕದಲ್ಲೇ ಕೆಲಸ ಮಾಡುತ್ತಿದೆ. ಮೊದಲ ಪರಿಹಾರ ಮರುಹೊಂದಾಣಿಕೆ. ಹೊಂದಿಸುವಾಗ ‘ರಿಯಲ್ ಇಯರ್ ಮೆಷರ್‌ಮೆಂಟ್’ ಮಾಡುತ್ತೀರಾ ಎಂದು ಕೇಳಿ. ತುಂಬ ತೆಳ್ಳಗಿನ ಕೊಳವೆಯೊಂದನ್ನು ಸಾಧನದ ಜೊತೆಗೆ ಕಿವಿಯೊಳಗಿಟ್ಟು, ತಮಟೆಯ ಹತ್ತಿರ ಸದ್ದು ನಿಜವಾಗಿ ಎಷ್ಟು ತಲುಪುತ್ತಿದೆ ಎಂದು ಅಳೆಯುವ ವಿಧಾನ ಅದು. ಕಂಪ್ಯೂಟರಿನ ಪರದೆಯ ಅಂದಾಜಿಗಿಂತ ಇದು ನಂಬಿಕೆಗೆ ಅರ್ಹ. ಈ ಸೌಲಭ್ಯ ಇರುವ ಕಡೆ ಸ್ವಲ್ಪ ದೂರವಾದರೂ ಹೋಗಿ.

ಪ್ರತಿ ಸಾಧನಕ್ಕೂ ಇಷ್ಟು ಡೆಸಿಬಲ್‌ವರೆಗಿನ ನಷ್ಟಕ್ಕೆ ಎಂಬ ಮಿತಿ ಇರುತ್ತದೆ. ನಿಮ್ಮ ಗೆರೆ ಆ ಮಿತಿಯ ಒಳಗಿದ್ದರೆ ಯಂತ್ರ ಇನ್ನೂ ಸಾಕು. ಮಿತಿ ದಾಟಿದ್ದರೆ, ತಂತಿಯ ತುದಿಯ ಸ್ಪೀಕರ್ ಬಗೆಯಲ್ಲಿ ಹೆಚ್ಚು ಶಕ್ತಿಯ ಸ್ಪೀಕರ್ ಮಾತ್ರ ಬದಲಿಸಲು ಬರುತ್ತದೆಯೇ ಎಂದು ಕೇಳಿ. ಬಾರದಿದ್ದರೆ ಹೊಸದು ಬೇಕು.

ಸಾಧನವಿಲ್ಲದೆ, ಇಯರ್‌ಫೋನಿನಲ್ಲಿ ಸಾಕಷ್ಟು ಗಟ್ಟಿಯಾಗಿ ಕೇಳಿಸಿದಾಗ ಮಾತು ಚೆನ್ನಾಗಿ ತಿಳಿಯುತ್ತದೆ, ಸಾಧನ ಹಾಕಿದಾಗ ತಿಳಿಯುವುದಿಲ್ಲ ಎಂದಾದರೆ ದೋಷ ಯಂತ್ರದಲ್ಲಿ ಅಥವಾ ಅದರ ಹೊಂದಾಣಿಕೆಯಲ್ಲಿದೆ. ಎಷ್ಟು ಗಟ್ಟಿಯಾಗಿ ಕೇಳಿಸಿದರೂ ಪದ ಒಡೆದು ಕಲಸಿಹೋಗುತ್ತದೆ ಎಂದಾದರೆ ಒಳಗಿವಿ ಅಥವಾ ನರದ ಸಾಮರ್ಥ್ಯವೇ ಕುಂದಿದೆ. ಆಗ ಮೂರು ಲಕ್ಷದ ಸಾಧನವೂ ಆ ಕೊರತೆಯನ್ನು ತುಂಬಲಾರದು. ತೀವ್ರ ಕಿವುಡಿದ್ದವರು ಈ ಹಂತದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಜೋಡಿಸುವ ಸಾಧನ) ಬಗ್ಗೆ ವೈದ್ಯರನ್ನು ಕೇಳಬೇಕು. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಸರಿಯಲ್ಲ.

ನಿಜವಾಗಿಯೂ ಬದಲಿಸುವ ಹೊತ್ತು

ಶ್ರವಣ ಸಾಧನಗಳು ಸಾಮಾನ್ಯವಾಗಿ ಮೂರರಿಂದ ಏಳು ವರ್ಷ ಬಾಳುತ್ತವೆ. ಚೆನ್ನಾಗಿ ನೋಡಿಕೊಂಡ ಸಾಧನ ಏಳು ದಾಟಿಯೂ ಸರಿಯಾಗಿರಬಹುದು. ಕೆಳಗಿನ ಸಂಗತಿಗಳಲ್ಲಿ ಒಂದು ನಿಮಗೆ ಅನ್ವಯಿಸಿದರೂ ನಾನು ಹೊಸದರ ಕಡೆಗೇ ವಾಲುತ್ತೇನೆ.

ಕಂಪನಿ ಆ ಮಾಡೆಲ್ ನಿಲ್ಲಿಸಿ ಬಿಡಿಭಾಗಗಳೂ ಮುಗಿದಿವೆ. ವಾರಂಟಿ ಮುಗಿದ ಮೇಲೆ ಮತ್ತೆ ಮತ್ತೆ ರಿಪೇರಿಗೆ ಹೋಗುತ್ತಿದೆ, ಪ್ರತಿ ಸಲವೂ ವಾರಗಟ್ಟಲೆ ಸಾಧನವಿಲ್ಲದೆ ಇರಬೇಕಾಗಿದೆ. ತೇವ ಒಳಗಿಳಿದು ಸರ್ಕ್ಯೂಟ್ ತುಕ್ಕು ಹಿಡಿದಿದೆ. ಕಿವಿಯ ನಷ್ಟ ಯಂತ್ರದ ಮಿತಿ ದಾಟಿದೆ. ಇದರ ಜೊತೆಗೆ ಸುಲಭವಾಗಿ ಮರೆತುಹೋಗುವ ಒಂದು ಕಾರಣವಿದೆ: ಕೈಬೆರಳು. ಸಂಧಿವಾತದಿಂದ ಬೆರಳು ಬಾಗಿದವರಿಗೆ, ದೃಷ್ಟಿ ಮಂದವಾದವರಿಗೆ 10ನೇ ನಂಬರಿನ ಬ್ಯಾಟರಿ ಹಾಕುವುದು ಆಗದ ಮಾತು. ಅವರು ಬ್ಯಾಟರಿ ಮುಗಿದದ್ದನ್ನು ಯಾರಿಗೂ ಹೇಳದೆ ಸುಮ್ಮನೆ ಕೂತುಬಿಡುತ್ತಾರೆ. ಶ್ರವಣ ಪರೀಕ್ಷೆಯ ಫಲಿತಾಂಶ ಹೇಗೇ ಇರಲಿ, ಅವರಿಗೆ ಚಾರ್ಜ್ ಮಾಡುವ ಸಾಧನ ಕೊಡಿಸುವುದು ಸಾರ್ಥಕ ಖರ್ಚು.

ಬದುಕು ಬದಲಾದಾಗಲೂ ಸಾಧನ ಬದಲಿಸಬೇಕಾಗಬಹುದು. ನಿವೃತ್ತಿಯ ಮೊದಲು ಬ್ಯಾಂಕಿನ ಕೌಂಟರಿನಲ್ಲಿ ಎದುರು ಕೂತವರ ಮಾತು ಕೇಳಿದರೆ ಸಾಕಿತ್ತು. ಈಗ ಮಗಳು ಬೆಂಗಳೂರಿನಲ್ಲಿ, ಮೊಮ್ಮಗ ವಿದೇಶದಲ್ಲಿ, ಮಾತೆಲ್ಲ ಮೊಬೈಲಿನಲ್ಲಿ. ಬ್ಲೂಟೂತ್ ಇರುವ ಸಾಧನದಲ್ಲಿ ಕರೆ ನೇರವಾಗಿ ಎರಡೂ ಕಿವಿಗೆ ಬರುತ್ತದೆ. ಒಂದು ಕಿವಿಗೆ ಫೋನ್ ಒತ್ತಿ ಹಿಡಿದು ಕೇಳುವುದಕ್ಕೂ ಇದಕ್ಕೂ ಅಜಗಜಾಂತರ. ಆದರೆ ಎಲ್ಲ ಸಾಧನವೂ ಎಲ್ಲ ಮೊಬೈಲಿಗೂ ಹೊಂದುವುದಿಲ್ಲ. ನಿಮ್ಮ ಫೋನನ್ನೇ ಒಯ್ದು ಕ್ಲಿನಿಕ್‌ನಲ್ಲಿ ಕೂತು ಊರಿಗೆ ಕರೆ ಮಾಡಿ ನೋಡಿ.

ಹೊಸದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಒಂದೇ ಕಂಪನಿಯ ಒಂದೇ ಬಗೆಯ ಸಾಧನ ಮೂರು ನಾಲ್ಕು ಬೆಲೆಗಳಲ್ಲಿರುತ್ತದೆ. ಅನೇಕ ಸಲ ಹೊರ ಮೈಯೂ ಸ್ಪೀಕರೂ ಒಂದೇ, ವ್ಯತ್ಯಾಸ ಸಾಫ್ಟ್‌ವೇರಿನ ಸೌಲಭ್ಯಗಳಲ್ಲಿ. ಗದ್ದಲದಲ್ಲಿ ಮಾತು ಹಿಡಿಯಲು ಹೆಚ್ಚು ನೆರವಾಗುವುದು ಎದುರಿನವರ ಕಡೆಗೆ ಗಮನ ಕೊಡುವ ದಿಕ್ಕಿನ ಮೈಕ್ರೊಫೋನ್. ಇದು ಮಧ್ಯಮ ಬೆಲೆಯ ಸಾಧನಗಳಲ್ಲೂ ಇರುತ್ತದೆ. ಗದ್ದಲ ತಗ್ಗಿಸುವ ಸೌಲಭ್ಯ ಕಿವಿಗೆ ಆರಾಮ ಕೊಡುತ್ತದೆ, ಆದರೆ ಕೇಳಿಸದ ಪದವನ್ನು ಕೇಳಿಸುವಂತೆ ಮಾಡುವುದು ಕಡಿಮೆ. ಹೆಚ್ಚಾಗಿ ಮನೆಯಲ್ಲೇ ಇರುವವರು ಮೇಲಿನ ದರ್ಜೆಗೆ ಹಣ ಸುರಿಯಬೇಕಿಲ್ಲ. ಎರಡೂ ಕಿವಿಗೆ ನಷ್ಟವಿದ್ದು ಹಣ ಸೀಮಿತವಾಗಿದ್ದರೆ, ಒಂದು ಕಿವಿಗೆ ದುಬಾರಿಯದನ್ನು ಹಾಕುವ ಬದಲು ಎರಡಕ್ಕೂ ಸಾಧಾರಣ ದರ್ಜೆಯದನ್ನು ಹಾಕುವುದೇ ಮೇಲು. ಸದ್ದು ಯಾವ ದಿಕ್ಕಿನಿಂದ ಬಂತು ಎಂದು ತಿಳಿಯಲು ಎರಡು ಕಿವಿ ಬೇಕು. ಮುಂಬಯಿಯ ರಸ್ತೆ ದಾಟುವವರಿಗೆ ಇದು ಜೀವದ ಪ್ರಶ್ನೆ.

ಕೊಳ್ಳುವ ಮುನ್ನ ಕೆಲವು ದಿನ ಪರೀಕ್ಷಾರ್ಥ ಬಳಕೆಗೆ ಕೇಳಿ. ಕ್ಲಿನಿಕ್‌ನ ನಿಶ್ಶಬ್ದ ಕೋಣೆಯಲ್ಲಿ ಎಲ್ಲ ಸಾಧನವೂ ಚೆನ್ನಾಗಿಯೇ ಕೇಳಿಸುತ್ತದೆ. ಅದನ್ನು ಹಾಕಿಕೊಂಡು ದಾದರ್ ಸೇತುವೆಯ ಮೇಲೆ ನಡೆಯಿರಿ. ಪ್ಲಾಟ್‌ಫಾರ್ಮ್ ಬದಲಾದ ಪ್ರಕಟಣೆ ತಿಳಿಯುತ್ತದೆಯೇ ನೋಡಿ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಲೋಟ ತಟ್ಟೆಗಳ ಸದ್ದಿನ ನಡುವೆ ಎದುರಿನವರ ಮಾತು ಹಿಡಿಯಲು ಯತ್ನಿಸಿ. ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಭಾಷಣ ಕೇಳಿ. ಯಕ್ಷಗಾನ ನೋಡುವವರು ಮಾತ್ರ ಒಂದು ವಿಷಯ ತಿಳಿದಿರಬೇಕು. ಮಾತಿಗೆ ಹೊಂದಿಸಿದ ಸಾಧನ ಚೆಂಡೆಯ ಪೆಟ್ಟನ್ನು ಗದ್ದಲವೆಂದು ಎಣಿಸಿ ಒತ್ತಿಹಿಡಿಯುತ್ತದೆ, ಭಾಗವತರ ಸ್ವರ ಅಲುಗಾಡಿದಂತೆ ಕೇಳಿಸುತ್ತದೆ. ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಮ್ ಹಾಕಿಕೊಡಿ ಎಂದು ಕೇಳಿ. ಹಳೆಯ ಸಾಧನದಲ್ಲೂ ಇದು ಹಲವು ಸಲ ಸಾಧ್ಯ. ಅದಕ್ಕಾಗಿಯೇ ಹೊಸದು ಕೊಳ್ಳಬೇಕಿಲ್ಲ.

ಎಲ್ಲಿ ಕೊಳ್ಳಬೇಕು, ನೆರವು ಎಲ್ಲಿದೆ

ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆಡಿಯಾಲಜಿಸ್ಟ್ ಹೌದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೊಳ್ಳುವ ಸಾಧನವನ್ನು ಬೇರೆ ಕ್ಲಿನಿಕ್‌ನಲ್ಲಿಯೂ ಹೊಂದಿಸಬಹುದೇ ಎಂಬುದನ್ನೂ ಕೇಳಿ. ಕೆಲವು ಮಳಿಗೆಗಳು ತಮ್ಮಲ್ಲಿ ಮಾತ್ರ ತೆರೆಯುವಂತೆ ಬೀಗ ಹಾಕಿದ ಸಾಧನ ಮಾರುತ್ತವೆ. ನಾಳೆ ನೀವು ಊರಿಗೆ ಹೋಗಿ ನೆಲೆಸಿದರೆ ಅಲ್ಲಿ ಯಾರೂ ಅದನ್ನು ಮುಟ್ಟಲಾರರು. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ ಪ್ರಶ್ನಿಸಿ. ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಸದ್ದು ಹೆಚ್ಚಿಸುವ ಯಂತ್ರಗಳು ನಿಮ್ಮ ಆಡಿಯೋಗ್ರಾಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಎಲ್ಲ ಸದ್ದನ್ನೂ ಒಂದೇ ಸಮ ಎತ್ತುತ್ತವೆ, ಉಳಿದ ಶ್ರವಣಶಕ್ತಿಗೂ ಹಾನಿ ಮಾಡಬಹುದು.

ಬಾಂದ್ರಾ ಪಶ್ಚಿಮದ ರೆಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಈ ಸಂಸ್ಥೆ 1983ರಲ್ಲಿ ಶುರುವಾದದ್ದು. ಖಾಸಗಿಯವರು ಹೇಳಿದ್ದರಲ್ಲಿ ಅನುಮಾನ ಬಂದರೆ ಎರಡನೆಯ ಅಭಿಪ್ರಾಯಕ್ಕೆ ನಾನು ಕಳಿಸುವುದು ಅಲ್ಲಿಗೇ, ಏಕೆಂದರೆ ಅಲ್ಲಿ ನಿಮಗೆ ಇಂಥದ್ದನ್ನೇ ಮಾರಬೇಕೆಂಬ ಒತ್ತಡ ಯಾರಿಗೂ ಇರುವುದಿಲ್ಲ. ಸೆಂಟ್ರಲ್ ಲೈನಿನವರು ದಾದರಿನಲ್ಲಿ ಇಳಿದು ವೆಸ್ಟರ್ನ್ ರೈಲು ಹಿಡಿದು ಬಾಂದ್ರಾದಿಂದ ರಿಕ್ಷಾ ಮಾಡಿಕೊಳ್ಳಬಹುದು. ಜನಸಂದಣಿ ಇರುವುದರಿಂದ ಬೆಳಿಗ್ಗೆ ಬೇಗ ಹೋಗಿ, ಹಳೆಯ ವರದಿಗಳನ್ನೆಲ್ಲ ಒಯ್ಯಿರಿ. ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯಲ್ಲೂ ಶ್ರವಣ ವಿಭಾಗವಿದೆ.

ಕೇಂದ್ರದ ಎಡಿಪ್ ಯೋಜನೆಯಲ್ಲಿ ಅಂಗವೈಕಲ್ಯ ಪ್ರಮಾಣಪತ್ರವಿದ್ದು ಆದಾಯ ಮಿತಿಯೊಳಗಿರುವವರಿಗೆ ಸಾಧನ ಸಿಗುತ್ತದೆ. ಒಮ್ಮೆ ಪಡೆದ ವಯಸ್ಕರು ಅದೇ ಉದ್ದೇಶಕ್ಕೆ ಮತ್ತೆ ಪಡೆಯಲು ಮೂರು ವರ್ಷ ಕಾಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬಲ್‌ನಿಂದ ನಷ್ಟವಿದ್ದವರನ್ನು ಪರಿಗಣಿಸುವುದರಿಂದ ಸಾಧಾರಣ ಕಿವುಡಿನವರಿಗೆ ಪ್ರಮಾಣಪತ್ರ ಸಿಗುವುದು ಕಷ್ಟ. ಕಡಿಮೆ ಆದಾಯದ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಅದರ ಶಿಬಿರಗಳಲ್ಲಿ ಶ್ರವಣ ಸಾಧನವನ್ನೂ ಕೊಡುತ್ತಾರೆ. ಕೇಂದ್ರ ಸರ್ಕಾರದ ನಿವೃತ್ತರಿಗೆ ಅವರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಲ್ಲಿ ಮಿತಿಯೊಳಗಿನ ಹಣ ಮರಳುತ್ತದೆ, ಸಾಮಾನ್ಯವಾಗಿ ಐದು ವರ್ಷದ ಮೇಲೆ ಹಳೆಯದು ನಿರುಪಯುಕ್ತ ಎಂಬ ಪ್ರಮಾಣಪತ್ರದೊಂದಿಗೆ ಹೊಸದಕ್ಕೆ ಅವಕಾಶವಿದೆ. ಕೊಳ್ಳುವ ಮುನ್ನವೇ ಅನುಮತಿಯ ನಿಯಮ ಕೇಳಿಕೊಳ್ಳಿ. ಬ್ಯಾಂಕಿನ ನಿವೃತ್ತರು ತಮ್ಮ ಪಾಲಿಸಿಯ ಷರತ್ತನ್ನು ಓದಬೇಕು; ಖಾಸಗಿ ಆರೋಗ್ಯ ವಿಮೆಗಳು ಬಹುತೇಕ ಇದಕ್ಕೆ ಹಣ ಕೊಡುವುದಿಲ್ಲ.

ಹೊಸದು ಬಂದ ಮೇಲೆ

ಮೊದಲ ದಿನ ಫ್ಯಾನಿನ ಸದ್ದು, ಪಾತ್ರೆ ಸದ್ದು, ತಮ್ಮದೇ ದನಿ ಎಲ್ಲವೂ ಕರ್ಕಶವೆನಿಸುತ್ತದೆ. ಮಿದುಳು ಹೊಂದಿಕೊಳ್ಳಲು ಕೆಲವು ವಾರ ಬೇಕು. ಪೆಟ್ಟಿಗೆಯಲ್ಲಿಟ್ಟರೆ ಹೊಂದಿಕೆ ಆಗುವುದೇ ಇಲ್ಲ, ಆದ್ದರಿಂದ ದಿನದ ಬಹುಭಾಗ ಹಾಕಿಕೊಂಡೇ ಇರಿ. ಎರಡು ಮೂರು ವಾರಕ್ಕೆ ಮತ್ತೆ ಹೋಗಿ ಹೊಂದಿಸಿಕೊಂಡು ಬನ್ನಿ. ಆಗ ನಿಮ್ಮ ಹಾಲು-ಸಾಲು ಪಟ್ಟಿಯನ್ನು ಹೊಸ ಸಾಧನದಲ್ಲಿ ಮತ್ತೊಮ್ಮೆ ಓದಿಸಿ, ಎರಡು ಹಾಳೆಗಳನ್ನೂ ಒಯ್ಯಿರಿ.

ಹಳೆಯದನ್ನು ಬಿಸಾಡಬೇಡಿ. ಹೊಸ ಆಡಿಯೋಗ್ರಾಮಿಗೆ ಹೊಂದಿಸಿಟ್ಟುಕೊಂಡರೆ ಹೊಸದು ರಿಪೇರಿಗೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಅಜ್ಜ ತೀರಿಹೋದ ಮೇಲೆ ಅವರ ಮಿಷನ್ ಅನ್ನು ಊರಿನ ಚಿಕ್ಕಪ್ಪನಿಗೆ ಕಳಿಸಿಕೊಡುವ ರೂಢಿ ನಮ್ಮಲ್ಲಿದೆ. ಮನಸ್ಸು ಒಳ್ಳೆಯದೇ, ಆದರೆ ಹಾಗೆಯೇ ಹಾಕಿಕೊಳ್ಳುವುದು ಬೇರೆಯವರ ನಂಬರಿನ ಕನ್ನಡಕ ಹಾಕಿದಂತೆ. ಅಜ್ಜನ ತೀವ್ರ ಕಿವುಡಿಗೆ ಹೊಂದಿಸಿದ ಸದ್ದು ಚಿಕ್ಕಪ್ಪನ ಅಳಿದುಳಿದ ಶ್ರವಣಶಕ್ತಿಯನ್ನು ಕೆಡಿಸಬಹುದು. ಊರಿನ ಹತ್ತಿರದ ಆಡಿಯಾಲಜಿಸ್ಟ್ ಬಳಿ ಪರೀಕ್ಷೆ ಮಾಡಿಸಿ, ಹೊಸ ಅಚ್ಚು ತೆಗೆಸಿ, ಅವರ ಕಿವಿಗೆ ಹೊಂದಿಸಿದ ಮೇಲೆಯೇ ಹಾಕಿಸಿ.

ಬಳಸಿದ ಗುಂಡಿ ಬ್ಯಾಟರಿಗಳನ್ನು ಮೊಮ್ಮಕ್ಕಳ ಕೈಗೆ ಸಿಗದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯಕ್ಕೆ ಕೊಡಿ. ಮಗು ನುಂಗಿರಬಹುದು ಎಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಎರಡೂ ಸಾಧನಗಳ ಸೀರಿಯಲ್ ನಂಬರ್, ಕೊಂಡ ದಿನಾಂಕ, ವಾರಂಟಿ ಮುಗಿಯುವ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಆಡಿಯೋಗ್ರಾಮಿನ ಜೊತೆಗೆ ಇಡಿ. ವಾರಂಟಿ ಮುಗಿಯುವ ಒಂದು ತಿಂಗಳ ಮೊದಲು ಸಾಧನವನ್ನು ಒಮ್ಮೆ ಸರ್ವಿಸಿಗೆ ಕೊಡಿ. ಆಗ ಕಂಡ ದೋಷವನ್ನು ಕಂಪನಿ ಹಣವಿಲ್ಲದೆ ಸರಿಪಡಿಸಿಕೊಡಬೇಕಾಗುತ್ತದೆ.